ದೊಡ್ಡ ಸಂಖ್ಯೆ ಒಡೆಯುವಾಗ 2021ರ ಹತ್ತಿರ ನಿಲ್ಲಬೇಡಿ

ದೊಡ್ಡ ಸಂಖ್ಯೆಯನ್ನು ಅವಿಭಾಜ್ಯಗಳಾಗಿ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆಗಳಾಗಿ) ಒಡೆಯಲು ಕೂತವರು ಹೆಚ್ಚಾಗಿ ಎಡವುವುದು ದಡ ಕಾಣುವ ಹೊತ್ತಿಗೆ. 10,18,584 ತೆಗೆದುಕೊಳ್ಳಿ, ಗೊತ್ತಾಗುತ್ತದೆ.

ಮೊದಲು 2ರ ಕೆಲಸ ಮುಗಿಸಿ. ಕೊನೆಯ ಮೂರು ಅಂಕಿ 584, ಅದು 8ರಿಂದ ಭಾಗವಾಗುತ್ತದೆ. ಹಾಗಾಗಿ ಇಡೀ ಸಂಖ್ಯೆಯೂ ಆಗುತ್ತದೆ. ಉಳಿದದ್ದು 1,27,323.

ಅಂಕಿಗಳನ್ನು ಕೂಡಿದರೆ 18. ಅಂದರೆ 9ರಿಂದ ಭಾಗ ಹೋಗುತ್ತದೆ, 14,147 ಸಿಗುತ್ತದೆ. (ಅಂಕಿ ಕೂಡುವ ಉಪಾಯ 3 ಮತ್ತು 9ಕ್ಕೆ ಮಾತ್ರ. 27ಕ್ಕೂ ನಡೆಯುತ್ತೆ ಅಂದುಕೊಳ್ಳುವವರಿದ್ದಾರೆ. 27ರ ಅಂಕಿಗಳನ್ನೇ ಕೂಡಿ ನೋಡಿ, 9 ಬರುತ್ತದೆ!) 7ಕ್ಕೂ ಏನೇನೋ ಉಪಾಯಗಳಿವೆ, ನೆನಪಿಟ್ಟುಕೊಳ್ಳುವಷ್ಟರಲ್ಲಿ ಭಾಗಾಕಾರವೇ ಮುಗಿದಿರುತ್ತದೆ. ಸುಮ್ನೆ ಭಾಗಿಸಿ: 2021.

ಇಲ್ಲೇ ನೋಡಿ ಎಡವಟ್ಟು. 11, 13, 17, 19 ಹಾಕಿ ನೋಡುತ್ತಾರೆ, ಯಾವುದೂ ಹೋಗುವುದಿಲ್ಲ. ಸಾಕಾಗಿ 'ಅವಿಭಾಜ್ಯ' ಅಂತ ಬರೆದುಬಿಡುತ್ತಾರೆ. ಎಲ್ಲಿಯವರೆಗೆ ಪರೀಕ್ಷಿಸಬೇಕು ಅನ್ನುವುದನ್ನು ಬೇಸರ ತೀರ್ಮಾನಿಸಬಾರದು, ವರ್ಗಮೂಲ ತೀರ್ಮಾನಿಸಬೇಕು. 45ರ ವರ್ಗ 2025, 44ರ ವರ್ಗ 1936. ಒಂದು ಸಂಖ್ಯೆ ಎರಡಾಗಿ ಒಡೆದರೆ ಚಿಕ್ಕ ತುಂಡು ವರ್ಗಮೂಲವನ್ನು ದಾಟುವುದಿಲ್ಲ. ಆದ್ದರಿಂದ 44ರೊಳಗಿನ ಅವಿಭಾಜ್ಯಗಳನ್ನೆಲ್ಲ ನೋಡಲೇಬೇಕು. 23ಕ್ಕೆ ಶೇಷ 20, 29ಕ್ಕೂ 20, 31ಕ್ಕೆ 6, 37ಕ್ಕೆ 23, 41ಕ್ಕೆ 12. ಇನ್ನು ಉಳಿದದ್ದು 43 ಒಂದೇ. ಹಾಕಿ ನೋಡಿದರೆ ಶೇಷ ಸೊನ್ನೆ, ಭಾಗಲಬ್ಧ 47. ಕಟ್ಟಕಡೆಯ ಬಾಗಿಲ ಹಿಂದೆ ಅಡಗಿತ್ತು, ಅಲ್ವಾ?

ಇದಕ್ಕೊಂದು ಅಡ್ಡದಾರಿಯೂ ಉಂಟು, 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದ್ದು. 2025ರಿಂದ 2021 ಕಳೆಯಿರಿ, 4 ಬರುತ್ತದೆ, ಅದು 2ರ ವರ್ಗ. ಹಾಗಾದರೆ ತುಂಡುಗಳು 45−2 ಮತ್ತು 45+2. ತುಂಡುಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಇದು ಚಕಚಕನೆ ಕೆಲಸ ಮಾಡುತ್ತದೆ.

ಇದನ್ನೆಲ್ಲ ಕಾಗದದ ಮೇಲೇ ಮಾಡಿ. ಸಾಮಾನ್ಯ ಕ್ಯಾಲ್ಕುಲೇಟರ್ ಶೇಷ ತೋರಿಸುವುದಿಲ್ಲ, ದಶಮಾಂಶದ ಬಾಲ ತೋರಿಸುತ್ತದೆ. ನಾನು ಹಾಕಿಕೊಂಡಿದ್ದ ಒಂದು ಉಚಿತ ಆ್ಯಪ್ ಉತ್ತರಕ್ಕಿಂತ ಜಾಹೀರಾತನ್ನೇ ಜಾಸ್ತಿ ತೋರಿಸುತ್ತಿತ್ತು. ತೆಗೆದುಹಾಕಿದೆ.

ಈಗ ಸಂಖ್ಯೆ ಪೂರ್ತಿ ಬಿಚ್ಚಿಕೊಂಡಿತು: 2³ × 3² × 7 × 43 × 47. ಭಾಜಕಗಳೆಷ್ಟು ಅಂತ ತಿಳಿಯಲು ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ. 4 × 3 × 2 × 2 × 2, ಒಟ್ಟು 96. 2021ರಲ್ಲೇ ನಿಂತವರಿಗೆ 48 ಸಿಗುತ್ತದೆ, ಸರಿಯಾಗಿ ಅರ್ಧ.

ಭಾಜಕಗಳ ಮೊತ್ತ ಬೇಕಿದ್ದರೆ ಪ್ರತಿ ಅವಿಭಾಜ್ಯಕ್ಕೂ 1ರಿಂದ ಅದರ ಕೊನೆಯ ಘಾತದವರೆಗೆ ಕೂಡಿ (1+2+4+8 = 15, 1+3+9 = 13, 1+7 = 8, ಹೀಗೆ), ಬಂದದ್ದನ್ನೆಲ್ಲ ಗುಣಿಸಿ: 15 × 13 × 8 × 44 × 48, ಅಂದರೆ 32,94,720. ಇದರಲ್ಲಿ ಮೂಲ ಸಂಖ್ಯೆ ಕಳೆದರೂ 22,76,136 ಉಳಿಯುತ್ತದೆ, ಸಂಖ್ಯೆಯ ಎರಡು ಪಟ್ಟಿಗೂ ಜಾಸ್ತಿ. 2021 ಅವಿಭಾಜ್ಯ ಅಂದುಕೊಂಡು 44 × 48ರ ಜಾಗದಲ್ಲಿ 1+2021, ಅಂದರೆ 2022 ಹಾಕಿದವರಿಗೆ ಮೊತ್ತ 31,54,320 ಬರುತ್ತದೆ. ಅದೂ ಹತ್ತಿರ ಹತ್ತಿರವೇ ಇರುವುದರಿಂದ ಕಣ್ಣಂದಾಜಿಗೆ ಈ ತಪ್ಪು ಸಿಕ್ಕಿಬೀಳುವುದಿಲ್ಲ.