ಹಳೆ ಕಾರಿನ ಮೊದಲ ಬೋಲ್ಟ್ ಬಿಚ್ಚುವ ಮುಂಚೆ

ತೋಟದ ಶೆಡ್ಡಿನಲ್ಲಿ ನಿಂತಿರುವ ಹಳೆ ಕಾರನ್ನು ರೆಡಿ ಮಾಡಿಸೋದಾ, ಮಾರೋದಾ ಅಂತ ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ತೀರ್ಮಾನ ಆಗುವ ತನಕ ಒಂದು ಬೋಲ್ಟ್ ಕೂಡ ಬಿಚ್ಚಬೇಡಿ. ತುಮಕೂರಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡಿಕೊಂಡೇ ಜೀವನ ಸಾಗಿಸಿದವನು ನಾನು. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆಯ ತೋಟದ ಮನೆಗಳಿಂದ ಫಿಯೆಟ್, ಅಂಬಾಸಿಡರ್‌ಗಳು ಟೆಂಪೋ ಮೇಲೆ ಬಂದು ಇಳಿಯುತ್ತವೆ. ಮಳೆ ಗಾಳಿಗೆ ಹಾಳಾದ ಕಾರು ಕಡಿಮೆ, ಅರ್ಧ ಬಿಚ್ಚಿಟ್ಟು ಹಾಳಾದದ್ದೇ ಜಾಸ್ತಿ. ಇಡಿಯಾಗಿ ನಿಂತ ಕಾರಿಗೆ, ಎಂಜಿನ್ ಸೀಜ್ ಆಗಿದ್ದರೂ, ಕೊಳ್ಳುವವರು ಸಿಗುತ್ತಾರೆ. ಅದೇ ಕಾರು ಗೋಣಿಚೀಲದಲ್ಲಿ ಬಂದರೆ ಗುಜರಿಯವನು ತೂಕಕ್ಕೆ ಹಾಕುತ್ತಾನೆ. ಯಾವ ಕ್ಲಿಪ್ ಯಾವ ಬೀಡಿಂಗ್‌ದು, ಯಾವ ಸ್ಕ್ರೂ ಎಲ್ಲಿಂದ ಬಂತು ಅನ್ನೋದು ಬಿಚ್ಚಿದವನಿಗೆ ಮಾತ್ರ ಗೊತ್ತು. ವರ್ಷ ಕಳೆದರೆ ಅವನಿಗೂ ಮರೆತುಹೋಗುತ್ತದೆ.

ಮೊದಲು ಕಾಗದ. ಆರ್‌ಸಿ ಹುಡುಕಿ. ಬೀರು, ಟ್ರಂಕು, ದೇವರ ಮನೆ, ಕಾರಿನ ಗ್ಲೋವ್ ಬಾಕ್ಸ್, ಎಲ್ಲಾ ನೋಡಿ. ಅದರಲ್ಲಿರುವ ಚಾಸಿಸ್ ನಂಬರ್, ಎಂಜಿನ್ ನಂಬರ್ ಕಾರಿನ ಮೇಲಿರುವುದಕ್ಕೆ ತಾಳೆ ಆಗಬೇಕು. ನಂಬರ್ ಮೇಲೆ ಗ್ರೀಸ್ ಮೆತ್ತಿಕೊಂಡಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಉಪ್ಪುಕಾಗದ ಹಾಕಿ ತಿಕ್ಕಬೇಡಿ. ಅಂಕಿ ಸವೆದರೆ ನೋಡಿದವರಿಗೆಲ್ಲ ಅನುಮಾನ ಬರುತ್ತದೆ.

ಆರ್‌ಸಿ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು. 3 ತಿಂಗಳೊಳಗೆ ಅಂತ ನಿಯಮ ಇದೆ. ಆದರೆ ಸಾವಿನ ಮನೆಯಲ್ಲಿ ಯಾರಿಗೆ ಕಾರಿನ ಕಾಗದ ನೆನಪಾಗುತ್ತದೆ? ತಡವಾಗಿದ್ದರೂ ಪರವಾಗಿಲ್ಲ, ಈಗಲಾದರೂ ಆ ಕೆಲಸ ಮುಗಿಸಿ. ಅಣ್ಣತಮ್ಮ, ಅಕ್ಕತಂಗಿ ಎಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಲಕ್ಷಗಟ್ಟಲೆ ಸುರಿದು ಕಾರು ಹೊಳೆಯತೊಡಗಿದ ಮೇಲೆ ಪಾಲು ಕೇಳುವವರು ಬರುತ್ತಾರೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಕಾರು ಮೊದಲು ರಿಜಿಸ್ಟರ್ ಆಗಿ 50 ವರ್ಷ ದಾಟಿದ್ದರೆ ಇನ್ನೊಂದು ದಾರಿ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹೊಸ ರಿಜಿಸ್ಟ್ರೇಶನ್‌ಗೆ ಫೀಸ್ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಮಾಡಿಸಲು 5,000. ಆದರೆ ಕಾರು ಮೂಲ ರೂಪದಲ್ಲೇ ಇರಬೇಕು. ಬಾಡಿ, ಚಾಸಿಸ್, ಎಂಜಿನ್ ಮಾರ್ಪಾಡು ಆಗಿರಬಾರದು. ದಿನಾ ಓಡಿಸುವ ಹಾಗೂ ಇಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಸಂತೆಗೆ ಹೋಗಿ ಬರೋಕೆ ಕಾರು ಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಅವರು ಎಫ್‌ಸಿ, ಅಂದರೆ ಕಾರು ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸಿ 5 ವರ್ಷಕ್ಕೊಮ್ಮೆ ಮಾಮೂಲಿ ಆರ್‌ಸಿಯನ್ನೇ ರಿನ್ಯೂ ಮಾಡಿಸಬೇಕು. ಹಾಗೇ, 60ರ ದಶಕದ ಫಿಯೆಟ್ ಡಿಲೈಟ್‌ಗೆ ಯಾವುದೋ ಡೀಸೆಲ್ ಎಂಜಿನ್ ಕೂರಿಸಿ ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ. ಅದು ಕೂತರೆ ವಿಂಟೇಜ್ ದಾರಿ ಮುಚ್ಚಿಹೋಗುತ್ತದೆ.

ಕಾಗದ ಸರಿ ಇದ್ದರೆ ತಗಡಿಗೆ ಬನ್ನಿ. ಎಲ್ಲರೂ ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ. ನೀವು ಕೆಳಗೆ ನೋಡಿ. ಫಿಯೆಟ್‌ಗೂ ಅಂಬಾಸಿಡರ್‌ಗೂ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ಬಾಡಿಯ ತಗಡೇ ಭಾರ ಹೊರುತ್ತದೆ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ರನ್ನಿಂಗ್ ಬೋರ್ಡ್, ಫ್ಲೋರು, ಹಿಂದಿನ ಪ್ಲೇಟ್ ಸ್ಪ್ರಿಂಗ್ ಕೂರುವ ಜಾಗ, ಈ ಮೂರೂ ತಿಂದುಹೋಗಿದ್ದರೆ ಎಂಜಿನ್ ಹೊಸದಿದ್ದರೂ ಪ್ರಯೋಜನ ಇಲ್ಲ.

ತಿಪಟೂರು ಹತ್ತಿರದ ಒಂದು ತೋಟದಲ್ಲಿ ಹೀಗೇ ಒಂದು ಡಿಲೈಟ್ ನೋಡಲು ಹೋಗಿದ್ದೆ. ಮೇಲಿಂದ ನೋಡಿದರೆ ಪೇಂಟ್ ಮಂಕಾಗಿತ್ತು, ಅಷ್ಟೇ. ಒಂದು ಪಕ್ಕಕ್ಕೆ ತೆಂಗಿನ ಸಿಪ್ಪೆ ರಾಶಿ ಹಾಕಿದ್ದರು. ಸಿಪ್ಪೆ ನೀರು ಹೀರಿ ಇಟ್ಟುಕೊಳ್ಳುತ್ತದೆ. ಆ ಪಕ್ಕದ ರಬ್ಬರ್ ಮ್ಯಾಟ್ ಎತ್ತಿದರೆ ಅಡಿಯ ಗೋಣಿ ಇನ್ನೂ ತೇವ, ಅದರಲ್ಲಿ ಇಲಿ ನಾರು ತಂದು ಗೂಡು ಮಾಡಿತ್ತು. ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯವರೆಗೂ ಒಳಗೆ ಹೋಯಿತು. ಇನ್ನೊಂದು ಪಕ್ಕದಲ್ಲಿ ತಟ್ಟಿದರೆ ಠಣ್ ಅಂತ ಒಳ್ಳೆ ಸದ್ದು. ಒಂದೇ ಕಾರು, ಎರಡು ಪಕ್ಕಕ್ಕೆ ಎರಡು ಆಯುಷ್ಯ. ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರುಗಳದ್ದು ಇನ್ನೂ ಕಷ್ಟ, ಗಂಜಲ ತಗಡನ್ನು ಬೇಗ ತಿನ್ನುತ್ತದೆ.

ನೀವೂ ಹಾಗೇ ನೋಡಿ. ಸಣ್ಣ ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಓಡಿಸಿ. ಹಿಡಿಯದ ಕಡೆ ತಗಡಿನ ಮೇಲೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ನಾಲ್ಕೂ ಬಾಗಿಲು ತೆರೆದು ಮುಚ್ಚಿ ನೋಡಿ. ಒಂದು ಪಕ್ಕ ಜಾಕ್ ಎತ್ತಿದಾಗ ಬಾಗಿಲು ಹಿಡಿದುಕೊಂಡರೆ ಬಾಡಿ ಬಾಗುತ್ತಿದೆ ಅಂತ ತಿಳಿಯಿರಿ. ಬರೀ ಜಾಕ್ ನಂಬಿ ಮಾತ್ರ ಕಾರಿನ ಕೆಳಗೆ ಹೋಗಬೇಡಿ. ಹಳೆ ಕಾರಿನ ಜಾಕ್ ಕೊಡುವ ಜಾಗವೇ ಕುಸಿದೀತು. ಮರದ ದಿಮ್ಮಿ ಕೊಟ್ಟು ಆಮೇಲೆ ಇಣುಕಿ.

ಎಂಜಿನ್ ವಿಷಯದಲ್ಲಿ ನನಗೆ ಅಷ್ಟು ಭಯ ಇಲ್ಲ. ಪ್ಲಗ್ ತೆಗೆದು ಸಿಲಿಂಡರ್‌ಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಬಿಟ್ಟು ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರ್‌ನಲ್ಲಿ ಮೆಲ್ಲಗೆ ತಿರುಗಿಸಿ. ತಿರುಗಿದರೆ ಸಂತೋಷ. ತಿರುಗದಿದ್ದರೂ ಮುಗಿದುಹೋಯಿತು ಅಂತಲ್ಲ. ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವ ಆತುರ ಬೇಡ, ಇಲಿ ಕಡಿದ ವೈರಿನಿಂದ ಬೆಂಕಿ ಬಿದ್ದೀತು. ಫಿಯೆಟ್‌ನ 1089 ಸಿಸಿ ಎಂಜಿನ್ ಡಿಲೈಟ್‌ನಿಂದ ಪದ್ಮಿನಿವರೆಗೆ ದಶಕಗಳ ಕಾಲ ಬಂತು. ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತು. ಎಂಜಿನ್ ಪಾರ್ಟು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಇವತ್ತಿಗೂ ದಾರಿ ಸಿಗುತ್ತದೆ. ಸಿಗದೆ ಸತಾಯಿಸುವುದು ಸಣ್ಣ ಸಾಮಾನು: ಟೈಲ್ ಲ್ಯಾಂಪಿನ ಗಾಜು, ಕ್ರೋಮ್ ಪಟ್ಟಿ, ಮೂಲ ಬ್ಯಾಡ್ಜು, ಡ್ಯಾಶ್‌ಬೋರ್ಡಿನ ನಾಬ್. ಇವು ನಿಮ್ಮ ಕಾರಿನಲ್ಲಿ ಇದ್ದರೆ ಅದು ದೊಡ್ಡ ಆಸ್ತಿ. ಏನಿದೆ, ಏನಿಲ್ಲ ಅಂತ ಬರೆದಿಟ್ಟುಕೊಳ್ಳಿ, ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ.

ಈಗ ದುಡ್ಡು. ಟಿಂಕರಿಂಗ್, ಪೇಂಟಿಂಗ್, ಮೆಕ್ಯಾನಿಕ್ ಕೆಲಸಕ್ಕೆ ಬೇರೆ ಬೇರೆ ಅಂದಾಜು ತೆಗೆದುಕೊಳ್ಳಿ. ಗಾಜು, ರಬ್ಬರ್, ಕ್ರೋಮ್, ಸೀಟಿಗೆ ಇನ್ನೊಂದು. ಇದನ್ನು ಎಲ್ಲರೂ ಮರೆಯುತ್ತಾರೆ. ಒಟ್ಟು ಮೊತ್ತಕ್ಕೆ ಅದರ ಅರ್ಧ ಸೇರಿಸಿ, ಯಾಕಂದ್ರೆ ಪೇಂಟ್ ಕೆರೆದ ಮೇಲೆ ಕಾಣುವ ತುಕ್ಕೇ ಜಾಸ್ತಿ. ಪದ್ಮಿನಿಯಂಥ ಕಾರನ್ನು ಪೂರ್ತಿ ಮಾಡಿಸಿ ಮಾರಿದರೆ ಹಾಕಿದ ದುಡ್ಡು ವಾಪಸ್ ಬರುವುದು ಅಪರೂಪ. ಹಾಗಾಗಿ ಲಾಭದ ಲೆಕ್ಕ ಇದ್ದರೆ ಇದ್ದ ಹಾಗೇ ಮಾರಿ. ನಾನೇ ಇಟ್ಟುಕೊಳ್ಳುತ್ತೇನೆ, ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತೇನೆ ಅನ್ನುವ ಆಸೆ ಇದ್ದರೆ, ಅರ್ಧಕ್ಕಿಂತ ಹೆಚ್ಚು ತಗಡು ಚೆನ್ನಾಗಿದ್ದರೆ, ಕಾರಿಗೆ ಸೋರದ ಸೂರು ಇದ್ದರೆ ಧೈರ್ಯವಾಗಿ ಮಾಡಿಸಿ. ಸೂರು ಇಲ್ಲದವರು ಮಾಡಿಸಲೇಬಾರದು.

ಪೇಂಟರ್ ಆಗಿಯೇ ಇನ್ನೊಂದು ಮಾತು ಹೇಳುತ್ತೇನೆ. ಎಲ್ಲ ಕಾರಿಗೂ ಹೊಸ ಪೇಂಟ್ ಬೇಡ. ಬ್ರೇಕು, ಟೈರು, ಪೆಟ್ರೋಲ್ ಟ್ಯಾಂಕು, ವೈರಿಂಗ್ ಸರಿ ಮಾಡಿಸಿ, ಕೊಳೆತ ತಗಡು ಬದಲಿಸಿ, ಹಳೆ ಬಣ್ಣವನ್ನು ಹಾಗೇ ಉಳಿಸಿಕೊಳ್ಳಬಹುದು. ಕಂಪನಿಯಲ್ಲಿ ಹೊಡೆದ ಬಣ್ಣ ಒಂದೇ ಸಲ, ನನ್ನ ಕೈಯಿಂದ ಅದು ಮತ್ತೆ ಬರುವುದಿಲ್ಲ. ಆ ಡಿಲೈಟ್‌ನವರೂ ಇದನ್ನೇ ಆರಿಸಿಕೊಂಡರು. ಒಂದು ಪಕ್ಕದ ಫ್ಲೋರು, ರನ್ನಿಂಗ್ ಬೋರ್ಡ್ ಹೊಸ ತಗಡಿನಲ್ಲಿ ಕಟ್ಟಿಕೊಟ್ಟೆ, ಮಿಕ್ಕಿದ್ದನ್ನು ಮುಟ್ಟಲಿಲ್ಲ.

ಮಾರುವುದಾದರೆ ತೊಳೆದು ನಿಲ್ಲಿಸಿ, ಸಾಕು. ಮಾರುವ ಮುಂಚೆ ಪೇಂಟ್ ಹೊಡೆಸಿದರೆ ಅಡಿಯಲ್ಲಿ ಏನು ಮುಚ್ಚಿದ್ದಾರೋ ಅಂತ ಕೊಳ್ಳುವವರಿಗೆ ಸಂಶಯ. ತುಕ್ಕಿನ ಫೋಟೋವನ್ನೂ ತೋರಿಸಿ. ಬಿದ್ದುಹೋದ ಹಬ್ ಕ್ಯಾಪ್, ಹಳೆ ಜಾಕ್, ಬಿಲ್ಲು, ಎಲ್ಲಾ ಕಾರಿನ ಜೊತೆಗೇ ಕೊಡಿ. ಹೆಸರು ಬದಲಾಯಿಸುವ ಫಾರಂ 29, 30 ಸಹಿ ಮಾಡಿ, ನಕಲು ಇಟ್ಟುಕೊಂಡು, ಸಾಧ್ಯವಾದರೆ ಕೊಂಡವರ ಜೊತೆಯಲ್ಲೇ ಆರ್‌ಟಿಒಗೆ ಹೋಗಿ ಬನ್ನಿ. ದಾಖಲೆಯಲ್ಲಿ ಹೆಸರು ಇರುವವರೇ ಮಾಲೀಕರು, ಅಪಘಾತವಾದರೆ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಂಡವರ ಹೆಸರಿನ ಆರ್‌ಸಿ ಬರುವ ತನಕ ವಿಚಾರಿಸುತ್ತಲೇ ಇರಿ.