ಕಾಲು ಕಪ್ ಸಿಹಿ ಹೆಪ್ಪು

ಗೆಳತಿಯೊಬ್ಬಳು ಗಾಜಿನ ಬಾಟಲಿಯಲ್ಲಿ ಬಿಳಿ ಗಂಜಿಯಂಥದ್ದೇನನ್ನೋ ತಂದುಕೊಟ್ಟಳು. ಜೊತೆಗೊಂದು ಚೀಟಿ. ‘ದಿನಾ ಕಲಕು. ಐದನೇ ದಿನ ಮತ್ತು ಹತ್ತನೇ ದಿನ ಮೈದಾ, ಸಕ್ಕರೆ, ಹಾಲು ತಲಾ ಒಂದು ಕಪ್ ಹಾಕು. ಆಮೇಲೆ ನಾಲ್ಕು ಪಾಲು ಮಾಡು. ಒಂದು ನಿನಗೆ, ಒಂದು ಬೇಕಿಂಗ್‌ಗೆ, ಎರಡು ಹಂಚು.’

ಅದು ಸಿಹಿ ಸಾವರ್‌ಡೋ ಸ್ಟಾರ್ಟರ್, ಅಂದರೆ ಬ್ರೆಡ್ ಹಿಟ್ಟಿಗೆ ಸೇರಿಸುವ, ಹುದುಗಿಸಿದ ಹುಳಿ ಹಿಟ್ಟು. ಅಮೆರಿಕದಲ್ಲಿ ಇದರಿಂದ ಮಾಡುವ ಬ್ರೆಡ್ಡಿಗೆ ಆಮಿಶ್ ಫ್ರೆಂಡ್‌ಶಿಪ್ ಬ್ರೆಡ್ ಎನ್ನುತ್ತಾರೆ. ಜರ್ಮನಿಯಲ್ಲಿ ಇದಕ್ಕೆ ಹರ್ಮನ್ ಅಂತ ಮನುಷ್ಯರ ಹೆಸರೇ ಇದೆ. ನಾನು ಹೆಪ್ಪು ಅಂತಲೇ ಕರೆಯುತ್ತೇನೆ.

ಮೊದಲ ಸುತ್ತು ಖುಷಿಯಾಗಿಯೇ ಮುಗಿಯಿತು. ಇಬ್ಬರಿಗೆ ಕೊಟ್ಟೆ. ಹತ್ತು ದಿನ ಕಳೆದರೆ ಮತ್ತೆ ಇಬ್ಬರು ಬೇಕು. ತಿಂಗಳಿಗೆ ಆರು ಜನ! ತೆಗೆದುಕೊಂಡವರೂ ಚೀಟಿಯಲ್ಲಿದ್ದಂತೆಯೇ ಮಾಡಿದರೆ ಒಂದು ಮೂರಾಗುತ್ತದೆ, ಮೂರು ಒಂಬತ್ತಾಗುತ್ತದೆ, ಒಂಬತ್ತು ಇಪ್ಪತ್ತೇಳು. ಅಷ್ಟು ಜನರನ್ನು ಎಲ್ಲಿಂದ ಹುಡುಕುವುದು? ಸಿಕ್ಕವರ ಕೈಗೆಲ್ಲ ಬಾಟಲಿ ಕೊಡತೊಡಗಿದೆ. ಒಬ್ಬರು ತುಂಬ ದಿನದ ಮೇಲೆ ಸಂಕೋಚದಿಂದಲೇ ಹೇಳಿದರು: ‘ಮೂರನೇ ದಿನವೇ ಚೆಲ್ಲಿಬಿಟ್ಟೆ ಕಣ್ರೀ, ನೋಡಿಕೊಳ್ಳೋಕೆ ಆಗಲಿಲ್ಲ.’ ಬೇಜಾರಾಯಿತು. ಆದರೆ ತಪ್ಪು ನನ್ನದೇ. ಬೇಕಾ ಅಂತ ಕೇಳಿಯೇ ಇರಲಿಲ್ಲ.

ಅಂದಿನಿಂದ ಅಳತೆಯನ್ನೇ ಇಳಿಸಿದೆ. ಒಂದು ಕಪ್ ಇದ್ದಲ್ಲೆಲ್ಲ ಈಗ ಕಾಲು ಕಪ್. ಕಾಲು ಕಪ್ ಹೆಪ್ಪಿನಿಂದ ಶುರು. ಐದನೇ ದಿನ ಕಾಲು ಕಪ್ ಮೈದಾ, ಕಾಲು ಕಪ್ ಸಕ್ಕರೆ, ಕಾಲು ಕಪ್ ಹಾಲು. ತೂಕದಲ್ಲಿ ಸುಮಾರು 30 ಗ್ರಾಂ ಮೈದಾ, 50 ಗ್ರಾಂ ಸಕ್ಕರೆ, 60 ಮಿ.ಲೀ. ಹಾಲು. ಹತ್ತನೇ ದಿನ ಮತ್ತೆ ಅಷ್ಟೇ. ಸಕ್ಕರೆ ಕರಗುವುದರಿಂದ ಒಟ್ಟು ಒಂದು ಕಪ್‌ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅರ್ಧ ಕಪ್ ಒಂದು ಬ್ರೆಡ್ಡಿಗೆ, ಕಾಲು ಕಪ್ ಮುಂದಿನ ಸುತ್ತಿಗೆ, ಉಳಿದದ್ದು ಕೇಳಿದವರಿಗೆ. ಮೂಲ ಅಳತೆಯಲ್ಲಿ ಒಂದು ಸುತ್ತಿಗೆ ಎರಡು ಕಪ್ ಸಕ್ಕರೆ ಹೋಗುತ್ತಿತ್ತು, ಈಗ ಅರ್ಧ ಕಪ್ ಸಾಕು.

ಹೆಪ್ಪು ಕೊಡುವವರು ಇಲ್ಲದಿದ್ದರೆ ಮನೆಯಲ್ಲೇ ಶುರು ಮಾಡಬಹುದು. ಎರಡು ಚಮಚ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಡ್ರೈ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ಅದಕ್ಕೆ ಮೈದಾ, ಸಕ್ಕರೆ, ಹಾಲು ಕಾಲು ಕಪ್ಪಿನಂತೆ ಸೇರಿಸಿ. ಅದೇ ಮೊದಲ ದಿನ.

ಗಾಜಿನ ಇಲ್ಲವೇ ಪಿಂಗಾಣಿ ಪಾತ್ರೆ ಒಳ್ಳೆಯದು. ಹೆಪ್ಪು ಹುಳಿಯಾಗುವುದರಿಂದ ಅಲ್ಯೂಮಿನಿಯಂ, ತಾಮ್ರ ಬೇಡ. ಮುಚ್ಚಳ ಬಿಗಿ ಮಾಡಲೇಬೇಡಿ. ನಾನೊಮ್ಮೆ ಮಾಡಿದ್ದೆ. ಬೆಳಿಗ್ಗೆ ತೆರೆದ ತಕ್ಷಣ ಬುಸ್ ಅಂತ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಬಾಟಲಿ ಒಡೆಯದಿದ್ದದ್ದೇ ಪುಣ್ಯ. ಈಗ ಬಟ್ಟೆ ಕಟ್ಟುತ್ತೇನೆ. ಪಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬುವುದಿಲ್ಲ.

ಹಾಲು ಹಾಕಿ ಹೊರಗಿಡುವುದು ಅಂದರೆ ಮೊದಮೊದಲು ಎಲ್ಲರಿಗೂ ಅನುಮಾನವೇ. ಒಳಗಿನ ಬ್ಯಾಕ್ಟೀರಿಯಾ ಹಾಲನ್ನು ಹುಳಿ ಮಾಡುತ್ತದೆ, ಯೀಸ್ಟ್ ಗುಳ್ಳೆ ಎಬ್ಬಿಸುತ್ತದೆ. ಮೊಸರಿನ ಹುಳಿ ವಾಸನೆ, ಸ್ವಲ್ಪ ಮದ್ಯದ ಘಾಟು ಬಂದರೆ ಸರಿಯಿದೆ. ಮೇಲೆ ನೀರು ತೇಲಿದರೆ ಕಲಕಿದರಾಯಿತು. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ಬೂಷ್ಟು, ಕೊಳೆತ ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಪೂರ್ತಿ ಎಸೆಯಿರಿ. ಮೇಲಿನದಷ್ಟೇ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ. ಹಸಿ ಹಿಟ್ಟಾದ್ದರಿಂದ ರುಚಿ ನೋಡುವುದೂ ಬೇಡ. ಸೆಕೆ ಜಾಸ್ತಿ ಇದ್ದಾಗ ಎಲ್ಲವೂ ಬೇಗ ಬೇಗ ಆಗುತ್ತದೆ. ಆಗ ನಾನು ಹಿಟ್ಟು ಹಾಕಿದ ಮಾರನೇ ದಿನವೇ ಫ್ರಿಜ್ಜಿಗೆ ಸೇರಿಸುತ್ತೇನೆ.

ಇದು ಮಾಮೂಲಿ ಸಾವರ್‌ಡೋ ಥರ ಉಬ್ಬುವುದಿಲ್ಲ. ಸಕ್ಕರೆ ಜಾಸ್ತಿಯಾದರೆ ಅದು ಯೀಸ್ಟಿನೊಳಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಯೀಸ್ಟಿನ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಅರ್ಧ ಕಪ್ ಹೆಪ್ಪಿಗೆ ಒಂದು ಕಪ್ ಮೈದಾ, ಎರಡು ಚಿಕ್ಕ ಮೊಟ್ಟೆ, ಅರ್ಧ ಕಪ್ ಎಣ್ಣೆ, ಕಾಲು ಕಪ್ ಹಾಲು, ದಾಲ್ಚಿನ್ನಿ ಪುಡಿ, ಚಿಟಿಕೆ ಉಪ್ಪಿನ ಜೊತೆ ಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಸೋಡಾ ಹಾಕುತ್ತೇನೆ. ಹೆಪ್ಪಿನ ಹುಳಿ ಸೋಡಾದ ಜೊತೆ ಸೇರಿ ಬ್ರೆಡ್ಡನ್ನು ಹಗುರ ಮಾಡುತ್ತದೆ. ಸಕ್ಕರೆ ಕಾಲು ಕಪ್ ಸಾಕು, ಹೆಪ್ಪಿನಲ್ಲೇ ಸಿಹಿ ಇದೆಯಲ್ವಾ. 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 50ರಿಂದ 60 ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು.

ಹಂಚುವ ಪಾಲನ್ನು ಈಗ ಸಣ್ಣ ಡಬ್ಬಿಯಲ್ಲಿ ಫ್ರೀಜರಿಗೆ ಹಾಕುತ್ತೇನೆ. ಸಕ್ಕರೆ ಇರುವುದರಿಂದ ಕಲ್ಲಿನಂತೆ ಗಟ್ಟಿಯಾಗುವುದಿಲ್ಲ. ಎರಡು ಮೂರು ತಿಂಗಳು ಇಟ್ಟರೂ ನನ್ನದು ಎದ್ದಿದೆ. ಯಾರಾದರೂ ಬೇಕು ಅಂದರೆ ಹೊರಗೆ ತೆಗೆದು ನಾಲ್ಕು ಗಂಟೆ ಬಿಟ್ಟು ಕೊಡುತ್ತೇನೆ, ಅವರಿಗೆ ಅದೇ ಮೊದಲ ದಿನ. ಡಬ್ಬಿಯ ಮೇಲೆ ಹಿಟ್ಟು ಹಾಕಬೇಕಾದ ತಾರೀಕನ್ನೇ ಬರೆದಿರುತ್ತೇನೆ. ಹಾಲು, ಗೋಧಿ ಇದೆ ಅಂತಲೂ ಬರೆಯುತ್ತೇನೆ, ಕೆಲವರಿಗೆ ಅವು ಆಗುವುದಿಲ್ಲ. ಕೆಳಗೆ ಇನ್ನೊಂದು ಸಾಲು: ‘ಬೇಡ ಅನ್ನಿಸಿದರೆ ವಾಪಸ್ ಕೊಡಿ, ನಾನು ನೋಡಿಕೊಳ್ಳುತ್ತೇನೆ.’