ಏರೋ ಸುಬಾರು ಕೊಳ್ಳುವ ಮುನ್ನ ಏನೇನು ನೋಡಬೇಕು?

ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನ ಎಫ್‌ಎ-200 ಏರೋ ಸುಬಾರು ಎಂಬ ಸಣ್ಣ ವಿಮಾನ ಮೊದಲು ಹಾರಿದ್ದು 1965ರಲ್ಲಿ. ನಾಲ್ಕು ಸೀಟು, ಕೆಳಗೆ ಜೋಡಿಸಿದ ರೆಕ್ಕೆ, ಮಡಚದ ಚಕ್ರಗಳು, ಹಿಂದಕ್ಕೆ ಜಾರುವ ಕ್ಯಾನಪಿ, ಅಂದರೆ ಸೀಟುಗಳ ಮೇಲಿನ ಪಾರದರ್ಶಕ ಮುಚ್ಚಳ. ಕಲಿಯುವವರಿಗೂ ಪ್ರವಾಸಿಗರಿಗೂ ಒಗ್ಗುವ ಗಟ್ಟಿಮುಟ್ಟಾದ ವಿಮಾನ. ಆದರೆ ‘ಬಹಳ ಕಡಿಮೆ ಗಂಟೆ ಹಾರಿದೆ’ ಎಂದು ಮಾರುವವರು ಹೇಳಿದರೆ ಹಿಗ್ಗಬೇಡಿ. ಹಾರದೆ ಕಳೆದ ವರ್ಷಗಳನ್ನೇ ಮೊದಲು ಲೆಕ್ಕ ಹಾಕಿ.

ಮಾದರಿ ಯಾವುದೆಂದು ಖಚಿತಪಡಿಸಿಕೊಳ್ಳಿ. 160ರಲ್ಲಿ 160 ಅಶ್ವಶಕ್ತಿಯ ಲೈಕಮಿಂಗ್ ಒ-320 ಇಂಜಿನ್. 180ರಲ್ಲಿ ಫ್ಯುಯೆಲ್ ಇಂಜೆಕ್ಷನ್ ಇರುವ 180 ಅಶ್ವಶಕ್ತಿಯ ಐಒ-360 ಮತ್ತು ಅಲಗಿನ ಓರೆಯನ್ನು ತಾನೇ ಬದಲಿಸಿ ವೇಗ ಕಾಯುವ ಕಾನ್‌ಸ್ಟೆಂಟ್ ಸ್ಪೀಡ್ ಪ್ರೊಪೆಲ್ಲರ್. 180ಎಒದಲ್ಲಿ ಶಕ್ತಿ ಅಷ್ಟೇ, ಆದರೆ ಕಾರ್ಬ್ಯುರೇಟರ್ ಮತ್ತು ಫಿಕ್ಸೆಡ್ ಪಿಚ್, ಅಂದರೆ ಅಲಗಿನ ಓರೆ ಬದಲಾಗದ ಪ್ರೊಪೆಲ್ಲರ್. ಅಲಗಿನ ಓರೆ ನಿಯಂತ್ರಿಸುವ ಗವರ್ನರ್ ಮತ್ತು ಹಬ್‌ನ ಓವರ್‌ಹಾಲ್ (ಪೂರ್ತಿ ಬಿಚ್ಚಿ ದುರಸ್ತಿ) ಖರ್ಚಿಲ್ಲದ ಕಾರಣ ತರಬೇತಿಗೆ ಇದೇ ವಾಸಿ.

ಈ ಇಂಜಿನ್ನುಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆಯೆಲ್ಲ ಇಳಿದುಹೋಗಿ ಕ್ಯಾಮ್ ತುಕ್ಕು ಹಿಡಿಯುತ್ತದೆ. ಆಮೇಲೆ ಓಡಿಸಿದಾಗ ಕ್ಯಾಮ್‌ಗೆ ತಾಗಿ ಚಲಿಸುವ ಟ್ಯಾಪೆಟ್ಟಿನ ಮುಖ ಕಿತ್ತುಬರುತ್ತದೆ. ಆಯಿಲ್ ಫಿಲ್ಟರ್ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡಿ. ಸಿಕ್ಕ ಚೂರುಗಳು ಆಯಸ್ಕಾಂತಕ್ಕೆ ಅಂಟಿದರೆ ಉಕ್ಕು ಸವೆಯುತ್ತಿದೆ ಎಂದರ್ಥ. ಅನುಮಾನ ಉಳಿದರೆ ಒಂದು ಸಿಲಿಂಡರ್ ಬಿಚ್ಚಿಸಿ ಕ್ಯಾಮನ್ನು ಕಣ್ಣಾರೆ ನೋಡಿ. ಮಾಲೀಕರು ಒಪ್ಪದಿದ್ದರೆ ವ್ಯವಹಾರ ಬಿಡುವುದೇ ಮೇಲು.

ಸಿಲಿಂಡರ್ ಗಾಳಿಯೊತ್ತಡವನ್ನು ಎಷ್ಟು ಹಿಡಿದಿಡುತ್ತದೆ ಎಂದು ತಿಳಿಸುವ ಕಂಪ್ರೆಷನ್ ಪರೀಕ್ಷೆಯನ್ನು ಇಂಜಿನ್ ಬಿಸಿಯಿದ್ದಾಗಲೇ, 80 ಪಿಎಸ್‌ಐ ಗಾಳಿ ಕೊಟ್ಟು ಮಾಡಿ. ಸಿಲಿಂಡರಿನಲ್ಲಿ ಉಳಿಯುವ ಒತ್ತಡ 70ಕ್ಕಿಂತ ಮೇಲಿದ್ದರೆ ನೆಮ್ಮದಿ. 60ಕ್ಕಿಂತ ಕೆಳಗಾದರೆ ಆ ಸಿಲಿಂಡರ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಎಕ್ಸಾಸ್ಟ್ ಕೊಳವೆಯಲ್ಲಿ ಬುಸ್ಸೆಂದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ, ಎಣ್ಣೆ ಹಾಕುವ ಬಾಯಲ್ಲಿ ಬುಸ್ಸೆಂದರೆ ರಿಂಗ್ ಸವೆದಿದೆ. ಗಾಳಿ ತುಂಬುವಾಗ ಪ್ರೊಪೆಲ್ಲರನ್ನು ಇನ್ನೊಬ್ಬರು ಬಿಗಿಯಾಗಿ ಹಿಡಿದಿರಲೇಬೇಕು. ಅದು ತಟ್ಟನೆ ತಿರುಗಿ ಕೈ ಮುರಿಯಬಲ್ಲದು. ಇಂಜಿನ್ ಓವರ್‌ಹಾಲ್‌ಗೆ ಗಂಟೆಗಳ ಮಿತಿಯಷ್ಟೇ ಅಲ್ಲ, 12 ವರ್ಷಗಳ ಮಿತಿಯೂ ಇದೆ. ಲಾಗ್‌ಬುಕ್ಕಿನಲ್ಲಿ ಎರಡನ್ನೂ ನೋಡಿ.

ಮೈಮೇಲಿನ ರಿವೆಟ್ಟುಗಳ ಹಿಂದೆ ಗಾಳಿ ಹರಿಯುವ ದಿಕ್ಕಿಗೆ ಕಪ್ಪು ಗೆರೆ ಎಳೆದಂತಿದ್ದರೆ ರಿವೆಟ್ ಸಡಿಲವಾಗಿದೆ. ತಗಡುಗಳ ಜೋಡಣೆಯಲ್ಲಿ ಬಿಳಿ ಪುಡಿ ಕಂಡರೆ, ಬಣ್ಣ ಗುಳ್ಳೆ ಎದ್ದಿದ್ದರೆ, ಅಲ್ಯುಮಿನಿಯಂ ಒಳಗಿನಿಂದ ಕೊರೆದುಹೋಗುತ್ತಿದೆ. ಪಾಲಿಷ್‌ಗೆ ಮರುಳಾಗದೆ ಟಾರ್ಚ್ ಮತ್ತು ಕನ್ನಡಿ ಹಿಡಿದು ರೆಕ್ಕೆಯ ಸ್ಪಾರ್ (ಉದ್ದಕ್ಕೂ ಭಾರ ಹೊರುವ ತೊಲೆ) ನೋಡಿ. ಏರೋಬ್ಯಾಟಿಕ್ಸ್‌ಗೂ (ಆಕಾಶದಲ್ಲಿ ಪಲ್ಟಿ ಹೊಡೆಯುವಂಥ ಕಸರತ್ತಿಗೂ) ಮಾನ್ಯತೆ ಪಡೆದ ವಿಮಾನವಾದ್ದರಿಂದ ಸ್ಪಾರ್ ಜೋಡಣೆಯ ಸುತ್ತಲಿನ ತಗಡು ಸುಕ್ಕುಗಟ್ಟಿದೆಯೇ ಎಂಬುದು ಬಹಳ ಮುಖ್ಯ. ಆ ಕಸರತ್ತು ಇಬ್ಬರೇ ಇರುವಾಗ, ಕೈಪಿಡಿಯಲ್ಲಿ ಹೇಳಿದ ತೂಕದೊಳಗೆ ಮಾತ್ರ.

ಕ್ಯಾನಪಿಯನ್ನು ನಾಲ್ಕೈದು ಸಲ ಜಾರಿಸಿ, ಚಿಲಕ ಹಾಕಿ ತೆಗೆಯಿರಿ. ಹಳಿ ಸವೆದಿದ್ದರೆ ಒಂದು ಕಡೆ ತಿರುಚಿಕೊಳ್ಳುತ್ತದೆ. ರಬ್ಬರ್ ಸೀಲ್ ಒಣಗಿದ್ದರೆ ಮಳೆನೀರು ಒಳಗಿಳಿದು ಕಾರ್ಪೆಟ್ಟಿನಡಿ ನಿಲ್ಲುತ್ತದೆ, ಹಾಗಾಗಿ ಕಾರ್ಪೆಟ್ ಎತ್ತಿ ನೋಡಿ. ಅಕ್ರಿಲಿಕ್ಕನ್ನು ಅಮೋನಿಯಾ ಇರುವ ದ್ರಾವಣದಿಂದಾಗಲಿ ಪೆಟ್ರೋಲಿನಿಂದಾಗಲಿ ಒರೆಸಬಾರದು, ಕೂದಲೆಳೆಯಂಥ ಬಿರುಕು ಬೀಳುತ್ತದೆ. ಮೊದಲು ಬರಿ ನೀರು ಸುರಿದು ಧೂಳು ಇಳಿಸಿ, ಆಮೇಲೆ ಮೃದುವಾದ ಹತ್ತಿ ಬಟ್ಟೆಯಿಂದ ಒರೆಸಿ.